ಕೋಣ ಏಪ್ರಿಲ್‌ನದು, ಕಾಡು ಜೂನ್‌ನದು

ಪ್ರಶ್ನೆ: ಸರ್, ನಾನು ವಾಸ್ಕೋದಲ್ಲಿ ಕೆಲಸ ಮಾಡುತ್ತೇನೆ. ಊರು ಬಾದಾಮಿ ಹತ್ತಿರ. ಜೂನ್ ಕೊನೆಯಲ್ಲಿ ಹುಬ್ಬಳ್ಳಿಯಿಂದ ವಾಪಸ್ ಬರುವಾಗ, ಅನಮೋಡ ಘಾಟ್ ಇಳಿದ ಮೇಲೆ ಗೋವಾದ ಮೋಲೆಂ ಹತ್ತಿರ ರಸ್ತೆ ಪಕ್ಕ ಒಂದು ಕಾಡುಕೋಣ ನಿಂತಿತ್ತು. ಸಂಜೆ ಹೊತ್ತು, ಮಳೆ ಆಗಷ್ಟೇ ನಿಂತಿತ್ತು. ಆ ನೋಟ ತಲೆಯಿಂದ ಹೋಗಲೇ ಇಲ್ಲ. ಪೆನ್ ಟ್ಯಾಬ್ಲೆಟ್ ಇದೆ, ಕ್ರಿಟಾ ಅನ್ನುವ ಚಿತ್ರ ಬಿಡಿಸುವ ಸಾಫ್ಟ್‌ವೇರ್‌ನಲ್ಲಿ ಮೂರು ವಾರ ಕೂತು ಬಿಡಿಸಿದೆ. ಕೋಣ ಚೆನ್ನಾಗಿ ಬಂದಿದೆ, ಕಾಡೂ ಚೆನ್ನಾಗಿ ಬಂದಿದೆ. ಆದರೆ ಎರಡೂ ಸೇರಿದರೆ ಸ್ಟಿಕರ್ ಅಂಟಿಸಿದ ಹಾಗೆ ಕಾಣುತ್ತದೆ. ನೆರಳು ಹಾಕಿದೆ, ಹಿಂದಿನ ಮರ ಬ್ಲರ್ ಮಾಡಿದೆ, ಸರಿಹೋಗಲಿಲ್ಲ. ಕಪ್ಪು ಪ್ರಾಣಿಯನ್ನು ಕತ್ತಲೆ ಕಾಡಿನಲ್ಲಿ ಬಿಡಿಸುವುದು ಹೇಗೆ? ನಮ್ಮ ಕನ್ನಡ ಸಂಘದ ರಾಜ್ಯೋತ್ಸವಕ್ಕೆ ಎ3 ಅಳತೆಯಲ್ಲಿ ಪ್ರಿಂಟ್ ಹಾಕಿಸಬೇಕು ಅಂತ ಆಸೆ.

ಉತ್ತರ: ನಿಮ್ಮ ಚಿತ್ರವನ್ನು ಎರಡು ದಿನ ಇಟ್ಟುಕೊಂಡು ನೋಡಿದೆ. ಕೋಣ ಚೆನ್ನಾಗಿದೆ, ನಿಜ. ಕಾಡೂ ಚೆನ್ನಾಗಿದೆ. ತೊಂದರೆ ಇರುವುದೇ ಅಲ್ಲಿ. ಎರಡನ್ನೂ ಬೇರೆ ಬೇರೆಯಾಗಿ ಚೆನ್ನಾಗಿ ಬಿಡಿಸಿದ್ದೀರಿ. ಹಂದರ ಒಬ್ಬರ ಮದುವೆಯದು, ಮದುಮಗ ಇನ್ನೊಬ್ಬರ ಮದುವೆಯವನು ಅನ್ನುವ ಹಾಗಾಗಿದೆ.

ಕೋಣದ ಬೆನ್ನ ಮೇಲೆ ಬೆಳ್ಳಗೆ ಬಿಸಿಲಿದೆ. ಹೊಟ್ಟೆ ಕೆಳಗೆ ಅಂಚು ಕೊಯ್ದ ಹಾಗೆ ಗಟ್ಟಿ ನೆರಳಿದೆ. ಅಂದರೆ ನೀವು ನೋಡಿಕೊಂಡ ಫೋಟೊ ಬೇಸಿಗೆಯ ನಡುಹಗಲಿನದು, ಯಾವುದೋ ಬಯಲಿನಲ್ಲಿ ತೆಗೆದದ್ದು. ಕಾಡನ್ನು ಮಾತ್ರ ನಿಮ್ಮ ಫೋನಿನ ಫೋಟೊ ನೋಡಿ ಬಿಡಿಸಿದ್ದೀರಿ: ಮೋಡ, ಒದ್ದೆ ಎಲೆ, ದೂರದಲ್ಲಿ ಮಂಜು. ಕೋಣ ಏಪ್ರಿಲ್‌ನದು, ಕಾಡು ಜೂನ್‌ನದು. ಸಾಲದ್ದಕ್ಕೆ ಎಡಗಡೆಯಿಂದ ಬಿಸಿಲುಕೋಲು ಬೇರೆ ಇಳಿಸಿದ್ದೀರಿ. ಮಳೆ ನಿಂತ ಸಂಜೆ, ಮುಚ್ಚಿದ ಮೋಡದ ಕೆಳಗೆ ಅದು ಎಲ್ಲಿಂದ ಬಂತು? ನೋಡಲು ಚೆಂದ ಅಂತ ಹಾಕಿದ್ದೀರಿ, ಗೊತ್ತು. ನಾನೂ ಹಾಕುತ್ತಿದ್ದೆ. ಎರಡು ಹವೆ ಒಂದೇ ಚಿತ್ರದಲ್ಲಿ ಇರುವವರೆಗೆ ಎಷ್ಟು ಬ್ಲರ್ ಮಾಡಿದರೂ ಸ್ಟಿಕರ್ ಸ್ಟಿಕರೇ.

ನಿಮ್ಮ ಪ್ರಶ್ನೆಯನ್ನು ಸ್ವಲ್ಪ ತಿರುಗಿಸಿ ಕೇಳಿಕೊಳ್ಳಿ. ಕೋಣವನ್ನು ಕಾಡಿನಲ್ಲಿ ಹೇಗೆ ಇಡಲಿ ಅಂತಲ್ಲ, ಆ ಕಾಡು ಕೋಣದ ಮೈ ಮೇಲೆ ಏನು ಮಾಡಿದೆ ಅಂತ. ನೀವು ಕಣ್ಣಾರೆ ಕಂಡದ್ದು ಜೂನ್ ಸಂಜೆ. ಅದನ್ನೇ ಹಿಡಿಯೋಣ.

ಮೋಡ ಮುಚ್ಚಿದ ಆಕಾಶ ಅಂದರೆ ಊರಗಲದ ಒಂದೇ ಟ್ಯೂಬ್‌ಲೈಟ್. ಬೆಳಕು ಒಂದು ಕಡೆಯಿಂದ ಬರುವುದಿಲ್ಲ, ಮೇಲಿನಿಂದ ಎಲ್ಲ ಕಡೆಯಿಂದಲೂ ಇಳಿಯುತ್ತದೆ. ನೀವಂತೂ ಕೋಣವನ್ನು ಕಂಡದ್ದು ರಸ್ತೆ ಅಂಚಿನಲ್ಲಿ. ಅಲ್ಲಿ ಮರಗಳ ನಡುವೆ ಆಕಾಶ ಬಿಟ್ಟುಕೊಂಡಿರುತ್ತದೆ. ಹಾಗಾಗಿ ಮೈಯ ಪ್ರತಿ ಭಾಗಕ್ಕೂ ಒಂದೇ ಪ್ರಶ್ನೆ ಕೇಳಿ: ಇದು ಆಕಾಶ ನೋಡುತ್ತಿದೆಯೋ, ಮರಗಳನ್ನೋ, ನೆಲವನ್ನೋ? ಬೆನ್ನಿನ ದಿಣ್ಣೆ, ಹಿಂಭಾಗದ ಮೇಲ್ಬದಿ, ಹಣೆ, ಕಿವಿಯ ಮೇಲಂಚು ಆಕಾಶ ನೋಡುತ್ತವೆ. ಪಕ್ಕೆ ಮರಗಳನ್ನು ನೋಡುತ್ತದೆ. ಹೊಟ್ಟೆ, ಗಂಗೆದೊಗಲಿನ (ಕತ್ತಿನ ಕೆಳಗೆ ಜೋಲುವ ಚರ್ಮದ) ಕೆಳಗಿನ ಮಡಿಕೆ, ದವಡೆಯ ಅಡಿ ನೆಲ ನೋಡುತ್ತವೆ. ಬೆಳಕೂ ಬಣ್ಣವೂ ಇದರಿಂದಲೇ ತೀರ್ಮಾನವಾಗುತ್ತವೆ.

ಈಗ ಕಪ್ಪಿನ ವಿಷಯ. ನೀವು ಬಣ್ಣದ ಚಕ್ರದಲ್ಲಿ ಕೆಳ ಮೂಲೆಗೆ ಹೋಗಿ ಅಚ್ಚ ಕಪ್ಪು ಎತ್ತಿಕೊಂಡಿದ್ದೀರಿ. ಆಮೇಲೆ ಅದನ್ನೇ ತಿಳಿ ಮಾಡುತ್ತಾ ಬೂದು ಮಾಡಿಕೊಂಡಿದ್ದೀರಿ. ಹೀಗೆ ಮಾಡಿದರೆ ಕೋಣ ಇದ್ದಿಲಿನಲ್ಲಿ ಬರೆದ ಹಾಗೆ ಕಾಣುತ್ತದೆ, ಸುತ್ತಲಿನ ಹಸಿರು ಅದನ್ನು ಮುಟ್ಟುವುದೇ ಇಲ್ಲ. ಬೆಳೆದ ಗಂಡು ಕಾಡುಕೋಣದ ಮೈ ನಿಜಕ್ಕೂ ಕಡು ಕಂದು, ಕಪ್ಪಿಗೆ ಹತ್ತಿರದ್ದು. ಕೂದಲು ಬಹಳ ಗಿಡ್ಡ, ಹೊಳಪು ಜಾಸ್ತಿ. ಹೊಳಪಿರುವ ಗಾಢ ಮೈ ಅಂದರೆ ಅರೆಬರೆ ಕನ್ನಡಿ. ಅದರ ಸ್ವಂತ ಬಣ್ಣ ಕಡಿಮೆ, ಸುತ್ತಲಿನ ಬಣ್ಣವೇ ಜಾಸ್ತಿ. ಮೇಲ್ಬೆನ್ನಿಗೆ ಮೋಡದ ತಣ್ಣನೆ ನೀಲಿ ಬೂದು. ಪಕ್ಕೆಗೆ ಸ್ವಲ್ಪ ಹಸಿರು ಬೆರೆತ ಕಂದು. ಹೊಟ್ಟೆಯ ಕೆಳಗೆ ಕೆಂಪು ಕಂದು, ಏಕೆಂದರೆ ಅಲ್ಲಿನ ನೆಲ ಜಂಬಿಟ್ಟಿಗೆ ಮಣ್ಣಿನದು, ಒದ್ದೆಯಾದರೆ ಇನ್ನೂ ಕೆಂಪು. ಈ ಮೂರನ್ನು ಸರಿಯಾದ ಜಾಗದಲ್ಲಿ ಇಟ್ಟರೆ ಅರ್ಧ ಕೆಲಸ ಮುಗಿಯಿತು. ಕೂದಲು ಒಂದೊಂದಾಗಿ ಎಳೆಯುವ ಗೋಜೇ ಬೇಡ. ಅಷ್ಟು ದೂರದಿಂದ ಆ ಗಿಡ್ಡ ಕೂದಲು ಯಾರ ಕಣ್ಣಿಗೂ ಕಾಣುವುದಿಲ್ಲ. ನಿಮ್ಮ ಮೂರು ವಾರದಲ್ಲಿ ಎಷ್ಟು ದಿನ ಅದಕ್ಕೇ ಹೋಯಿತೋ ಏನೋ.

ಇದನ್ನು ಕಲಿಯಲು ಕಾಡಿಗೇ ಹೋಗಬೇಕು ಅಂತಿಲ್ಲ. ಎಮ್ಮೆ ಮೇಲೆ ಮಳೆ ಸುರಿದ ಹಾಗೆ ಅಂತ ನಾವು ಸುಮ್ನೆ ಬೈಯುತ್ತೇವೆ, ಅಲ್ವಾ? ಚಿತ್ರ ಬಿಡಿಸುವವರಿಗೆ ಅದಕ್ಕಿಂತ ಒಳ್ಳೆಯ ಪಾಠ ಇನ್ನೊಂದಿಲ್ಲ. ಮಳೆಗಾಲದಲ್ಲಿ ಗದ್ದೆ ಬದುವಿನ ಮೇಲೆ ಮೇಯುವ ಎಮ್ಮೆಯ ಹತ್ತಿರ ಹತ್ತು ನಿಮಿಷ ನಿಲ್ಲಿ. ಬೆನ್ನ ಮೇಲೆ ಆಕಾಶ ಹೇಗೆ ಮಲಗಿದೆ ನೋಡಿ. ಮೈಯಲ್ಲಿ ಅಚ್ಚ ಕಪ್ಪು ಎಲ್ಲಿದೆ ಹುಡುಕಿ. ಮೂಗಿನ ಹೊಳ್ಳೆ, ಕಿವಿಯ ಒಳಗು, ಕಾಲುಗಳ ಸಂದು, ಅಷ್ಟೇ ಸಿಗುತ್ತದೆ. ಉಳಿದದ್ದೆಲ್ಲ ಬೂದು, ನೀಲಿ, ಕಂದು.

ನನ್ನ ಲೆಕ್ಕ ಹೇಳುತ್ತೇನೆ, ಇದು ಶಾಸ್ತ್ರವಲ್ಲ, ರೂಢಿ. ಕ್ರಿಟಾದಲ್ಲಿ ಬಣ್ಣದ ವ್ಯಾಲ್ಯೂ, ಅಂದರೆ ಅದು ಎಷ್ಟು ತಿಳಿ ಎಷ್ಟು ಗಾಢ ಅನ್ನುವ ಅಳತೆ, 0ಯಿಂದ 100ರವರೆಗೆ ಇರುತ್ತದೆ; 0 ಅಂದರೆ ಅಚ್ಚ ಕಪ್ಪು. ಕೋಣದ ಮೈಯ ನೆರಳಿನ ಭಾಗವನ್ನು 12ರಿಂದ 18ರ ನಡುವೆ ಇಡುತ್ತೇನೆ. ಆಕಾಶ ನೋಡುವ ಬೆನ್ನಿಗೆ 35, ಒದ್ದೆಯಾಗಿದ್ದರೆ 45ರವರೆಗೂ ಹೋಗುತ್ತೇನೆ. 10ಕ್ಕಿಂತ ಕೆಳಗಿನದನ್ನು ಆಗ ಹೇಳಿದೆನಲ್ಲ, ಹೊಳ್ಳೆ ಮತ್ತು ಸಂದುಗಳಿಗೆ ಎತ್ತಿಟ್ಟುಕೊಳ್ಳುತ್ತೇನೆ. ಹಿಂದಿನ ಕಾಡು ಇದಕ್ಕಿಂತ ತಿಳಿ ಇರಬೇಕು. ಮಳೆ ನಿಂತ ಮೇಲೆ ಗಾಳಿಯಲ್ಲಿ ನೀರಿನ ಹನಿ ತುಂಬಿರುತ್ತದೆ. ದೂರ ಹೋದಷ್ಟೂ ಮರಗಳು ತಿಳಿಯಾಗುತ್ತವೆ, ಹಸಿರು ಹೋಗಿ ಬೂದು ಬರುತ್ತದೆ. ಕತ್ತಲೆ ಕಾಡು ಅಂತ ನೀವು ಬರೆದಿದ್ದೀರಿ, ಆದರೆ ಆ ಸಂಜೆ ಕಾಡು ಕತ್ತಲೆ ಇರಲಿಲ್ಲ. ಇದ್ದಿದ್ದರೆ ನಿಮಗೆ ಕೋಣ ಕಾಣುತ್ತಲೇ ಇರಲಿಲ್ಲ.

ಬಿಳಿ ಕಾಲುಗಳ ಬಗ್ಗೆ ಬೇರೆಯಾಗಿ ಹೇಳಬೇಕು. ಮೊಣಕಾಲಿನಿಂದ ಕೆಳಗೆ ಕಾಡುಕೋಣ ಸಾಕ್ಸ್ ಹಾಕಿಕೊಂಡ ಹಾಗೆ ಬಿಳಿ ಇರುತ್ತದೆ ಅಂತ ಎಲ್ಲರಿಗೂ ಗೊತ್ತು. ಗೊತ್ತಿರುವುದೇ ಮೋಸ ಮಾಡುತ್ತದೆ. ಮನಸ್ಸು ಬಿಳಿ ಅಂದ ತಕ್ಷಣ ಕೈ 95 ಎತ್ತಿಕೊಳ್ಳುತ್ತದೆ. ನಿಮ್ಮ ಚಿತ್ರದಲ್ಲಿ ಇಡೀ ಕಾಡಿನಲ್ಲಿ ಎಲ್ಲಕ್ಕಿಂತ ಬೆಳ್ಳಗಿರುವುದು ನಾಲ್ಕು ಕಾಲು. ಅದಕ್ಕೇ ನೋಡಿದವರ ಕಣ್ಣು ಮುಖಕ್ಕೆ ಹೋಗುತ್ತಲೇ ಇಲ್ಲ. ಆ ಕಾಲುಗಳು ನಿಂತಿರುವುದು ಪೊದೆಯ ನಡುವೆ, ದೊಡ್ಡ ಹೊಟ್ಟೆಯ ಅಡಿಯಲ್ಲಿ. ಅಲ್ಲಿಗೆ ಬೆಳಕು ಇಳಿಯುವುದೇ ಕಡಿಮೆ. 50ಕ್ಕೆ ಇಳಿಸಿ, ಸ್ವಲ್ಪ ಹಳದಿ ಬೆರೆಸಿ, ಗೊರಸಿನ ಹತ್ತಿರ ಕೆಸರಿನ ಕೆಂಪು ಸವರಿ. ಸುತ್ತ ಗಾಢ ಇರುವುದರಿಂದ ಆಗಲೂ ಅದು ಬಿಳಿಯಾಗಿಯೇ ಕಾಣುತ್ತದೆ. ನಂಬಿಕೆ ಬರದಿದ್ದರೆ ಮಾಡಿ ನೋಡಿ.

ಪರೀಕ್ಷೆಗೆ ಸುಲಭದ ದಾರಿ ಇದೆ. ಲೇಯರ್ ಅಂದರೆ ಒಂದರ ಮೇಲೊಂದು ಇಟ್ಟ ಪಾರದರ್ಶಕ ಹಾಳೆ ಇದ್ದ ಹಾಗೆ. ಎಲ್ಲ ಲೇಯರ್‌ಗಳ ಮೇಲೆ ಒಂದು ಲೇಯರ್ ತೆಗೆದು ಪೂರ್ತಿ ಬೂದು ತುಂಬಿ, ಅದರ ಬ್ಲೆಂಡಿಂಗ್ ಮೋಡ್ (ಕೆಳಗಿನದರ ಜೊತೆ ಬೆರೆಯುವ ರೀತಿ) ಕಲರ್ ಅಂತ ಇಡಿ. ಚಿತ್ರ ಕಪ್ಪು ಬಿಳುಪಿಗೆ ತಿರುಗುತ್ತದೆ. ಬೇಕಾದಾಗ ಕಣ್ಣಿನ ಗುರುತು ಒತ್ತಿ ಆರಿಸಿ, ಹಚ್ಚಿ. ಅದರ ಜೊತೆಗೆ ಎಂ ಕೀ ಒತ್ತಿದರೆ ಕ್ರಿಟಾದಲ್ಲಿ ಚಿತ್ರ ಕನ್ನಡಿಯಲ್ಲಿ ಕಂಡ ಹಾಗೆ ತಿರುಗಿ ಕಾಣುತ್ತದೆ. ಮೂರು ವಾರ ನೋಡಿ ಕಣ್ಣಿಗೆ ರೂಢಿಯಾದ ತಪ್ಪು ಆಗ ಎದ್ದು ನಿಲ್ಲುತ್ತದೆ. ನಿಮ್ಮದನ್ನು ಹಾಗೆ ತಿರುಗಿಸಿದೆ. ಕೋಣ ಮುಂದಕ್ಕೆ ವಾಲಿದೆ. ಹಿಂಗಾಲು ಇನ್ನೂ ಸ್ವಲ್ಪ ಹಿಂದಕ್ಕೆ ಹೋಗಬೇಕು.

ಇನ್ನು ಗಡ್ಡ. ನಿಮ್ಮ ಕೋಣಕ್ಕೆ ಗದ್ದದ ಕೆಳಗೆ ಜೂಲು ಜೂಲಾಗಿ ಒಂದು ಗಡ್ಡ ಇದೆ. ಅದು ಎಲ್ಲಿಂದ ಬಂತು ಅಂತ ಊಹಿಸಬಲ್ಲೆ. ಇಲ್ಲಿ ಬಹಳ ಜನ ಇದನ್ನು ಬೈಸನ್ ಅನ್ನುತ್ತಾರೆ. ನೀವೂ ಅದೇ ಹೆಸರು ಹಾಕಿ ಹುಡುಕಿದ್ದೀರಿ. ಬಂದದ್ದು ಅಮೆರಿಕದ ಬೈಸನ್. ಅದು ಬೇರೆಯೇ ಪ್ರಾಣಿ, ಹೆಗಲ ತುಂಬ ಜೂಲು ಕೂದಲು, ಗಡ್ಡ ಬೇರೆ. ನಮ್ಮದು ಗೌರ್. ಕನ್ನಡದಲ್ಲಿ ಕಾಡುಕೋಣ ಅಥವಾ ಕಾಟಿ, ಗೋವಾದಲ್ಲಿ ಗವೊ ರೆಡೊ, ಈ ರಾಜ್ಯದ ರಾಜ್ಯಪ್ರಾಣಿ ಕೂಡ. ರಾಜ್ಯಪ್ರಾಣಿಗೆ ಗಡ್ಡ ಬಿಡಿಸಿ ಸಂಘದ ಗೋಡೆಗೆ ಹಾಕಿದರೆ ಯಾರಾದರೂ ಒಬ್ಬರು ಹಿಡಿದೇ ಹಿಡಿಯುತ್ತಾರೆ. ಗಡ್ಡದ ಜಾಗದಲ್ಲಿ ಇರುವುದು ಗಂಗೆದೊಗಲು: ಗದ್ದದ ಕೆಳಗೆ ಚಿಕ್ಕದು, ಮುಂಗಾಲುಗಳ ನಡುವೆ ದೊಡ್ಡದು.

ಬೆನ್ನಿನ ಮೇಲಿನ ದಿಣ್ಣೆಯನ್ನೂ ಒಮ್ಮೆ ನೋಡಿ. ನೀವು ಅದನ್ನು ನಮ್ಮ ಎತ್ತಿನ ಹಿಣಿಲಿನ ಹಾಗೆ ಹೆಗಲ ಮೇಲೆ ಗುಂಡಗೆ ಕೂರಿಸಿದ್ದೀರಿ. ಕಾಡುಕೋಣದ್ದು ಹಾಗಲ್ಲ. ಅದು ಬೆನ್ನುಮೂಳೆಯ ಉದ್ದ ಮುಳ್ಳುಗಳ ಮೇಲೆ ಎದ್ದ ಏಣು. ಹೆಗಲಿನಿಂದ ಶುರುವಾಗಿ ಬೆನ್ನಿನ ನಡುವಿನವರೆಗೆ ಬಂದು, ಅಲ್ಲಿ ಮೆಟ್ಟಿಲು ಇಳಿದ ಹಾಗೆ ತಟ್ಟನೆ ಇಳಿಯುತ್ತದೆ. ದೂರದಿಂದ, ಮಬ್ಬು ಬೆಳಕಿನಲ್ಲಿ, ಬರೀ ಆಕಾರ ನೋಡಿ ಕಾಡುಕೋಣ ಅಂತ ಗುರುತಿಸುವುದು ಈ ಮೆಟ್ಟಿಲಿನಿಂದ. ಕೊಂಬುಗಳ ನಡುವೆ ಹಣೆ ಉಬ್ಬಿರುತ್ತದೆ, ಬಣ್ಣ ಬೂದಿ ಹಚ್ಚಿದ ಹಾಗೆ. ಕೊಂಬಿನ ಬುಡ ಹಳದಿ, ತುದಿ ಕಪ್ಪು, ಅದನ್ನು ಸರಿಯಾಗಿಯೇ ಬಿಡಿಸಿದ್ದೀರಿ. ಗೊರಸು ಮಾತ್ರ ಆ ದೊಡ್ಡ ಮೈಗೆ ಹೋಲಿಸಿದರೆ ಚಿಕ್ಕದು, ಚೂಪು.

ಗೊರಸಿನ ಮಾತು ಬಂತಲ್ಲ. ನಿಮ್ಮ ಕೋಣದ ನಾಲ್ಕೂ ಗೊರಸು ಪೂರ್ತಿ ಕಾಣುತ್ತವೆ, ಕೆಳಗೆ ಒಂದು ಉದ್ದುದ್ದ ನೆರಳು. ಮೇಜಿನ ಮೇಲಿಟ್ಟ ಬೊಂಬೆಗೆ ಅದು ಸರಿ. ಕಾಡಿನ ನೆಲ ಮೇಜಲ್ಲ. ದೊಡ್ಡ ಗಂಡಿನ ತೂಕ ಸುಲಭವಾಗಿ 700, 800 ಕೆ.ಜಿ. ದಾಟುತ್ತದೆ. ಮಳೆ ನೆನೆದ ಮಣ್ಣಿನಲ್ಲಿ ಅಷ್ಟು ತೂಕ ನಿಂತರೆ ಗೊರಸು ಹೂತುಕೊಳ್ಳುತ್ತದೆ, ಸುತ್ತ ಕೆಸರು ಉಬ್ಬುತ್ತದೆ, ತರಗೆಲೆ ಮಡಚಿಕೊಳ್ಳುತ್ತದೆ. ಹಾಗಾಗಿ ಕೋಣದ ಲೇಯರ್‌ನ ಮೇಲೆ ಒಂದು ಹೊಸ ಲೇಯರ್ ತೆಗೆದು ಅದರಲ್ಲಿ ಹುಲ್ಲು, ಒಂದೆರಡು ಎಲೆ, ಒಂದು ಮುರಿದ ಕೊಂಬೆ ಹಾಕಿ. ಒಂದು ಗೊರಸು ಪೂರ್ತಿ ಮುಚ್ಚಿಹೋಗಲಿ, ಒಂದು ಅರ್ಧ ಕಾಣಲಿ. ಮುಂದೆ ಏನೋ ಅಡ್ಡ ಬಂತು ಅಂದ ಕೂಡಲೇ ಪ್ರಾಣಿ ಜಾಗದ ಒಳಗೆ ಹೋಗುತ್ತದೆ. ಒಂದೇ ಒಂದು ಬದಲಾವಣೆಗೆ ಪುರುಸೊತ್ತು ಇರುವುದಾದರೆ ಇದನ್ನು ಮಾಡಿ ಅನ್ನುತ್ತೇನೆ. ನೆರಳೂ ಅಷ್ಟೇ: ಮೋಡದ ದಿನ ಅದಕ್ಕೆ ಗೆರೆ ಇಲ್ಲ. ಗೊರಸು ಮಣ್ಣು ಮುಟ್ಟುವ ಕಡೆ ಗಾಢ, ಒಂದು ಗೇಣು ಆಚೆ ಹೋಗುವಷ್ಟರಲ್ಲಿ ಕರಗಿರಬೇಕು.

ಅಂಚುಗಳನ್ನು ಕಳೆಯಲು ಕಲಿಯಿರಿ. ನಿಮ್ಮ ಕೋಣದ ಸುತ್ತ ಎಲ್ಲ ಕಡೆ ಒಂದೇ ಥರದ ಚೊಕ್ಕ ಗೆರೆ ಇದೆ, ಕತ್ತರಿಯಲ್ಲಿ ಕತ್ತರಿಸಿದ ಹಾಗೆ. ನೀವು ಬ್ಲರ್ ಮಾಡಿದ್ದು ಹಿಂದಿನ ಮರಗಳನ್ನು, ಅದರಿಂದ ಈ ಗೆರೆ ಇನ್ನೂ ಎದ್ದು ಕಂಡಿತು. ಹಿಂಭಾಗದ ಹತ್ತಿರ ಒಂದು ಗಾಢ ಕಾಂಡ ಇದೆಯಲ್ಲ, ಅಲ್ಲಿ ಮೈ ಮತ್ತು ಕಾಂಡ ಒಂದರೊಳಗೊಂದು ಸೇರಿಹೋಗಲಿ. ಎಲ್ಲಿ ಕೋಣ ಮುಗಿಯಿತು, ಎಲ್ಲಿ ಮರ ಶುರುವಾಯಿತು ಅಂತ ಗೊತ್ತಾಗಬಾರದು. ತಲೆ ಮತ್ತು ಬೆನ್ನಿನ ಮೆಟ್ಟಿಲು ಮಾತ್ರ ತಿಳಿ ಮಂಜಿನ ಎದುರು ಚೊಕ್ಕಾಗಿ ನಿಲ್ಲಲಿ. ಉಳಿದದ್ದನ್ನು ನೋಡುವವರ ಕಣ್ಣೇ ಪೂರ್ತಿ ಮಾಡಿಕೊಳ್ಳುತ್ತದೆ.

ಮರಗಳನ್ನೂ ಸ್ವಲ್ಪ ಗಮನಿಸಿ. ಎಲೆ ಬ್ರಷ್ ಒತ್ತಿ ಒತ್ತಿ ಹಾಕಿದ್ದರಿಂದ ಎಲ್ಲ ಮರವೂ ಒಂದೇ ಜಾತಿಯದ್ದಾಗಿದೆ. ಮೋಲೆಂ ಕಾಡಿನಲ್ಲಿ ಮತ್ತಿ ಮರದ ತೊಗಟೆ ಮೊಸಳೆ ಚರ್ಮದ ಹಾಗೆ ಬಿರಿದಿರುತ್ತದೆ. ನಂದಿ ಮರದ ಕಾಂಡ ನುಣುಪು, ಬಿಳಿಚಿಕೊಂಡ ಬಣ್ಣ. ಈ ಎರಡೇ ಸಾಕು. ಕೋಣದ ಗಾಢ ಮೈಗೆ ಎದುರಾಗಿ ಒಂದು ನಂದಿ ಕಾಂಡ, ಅದರ ಹಿಂಭಾಗ ಕರಗಿಸಲು ಒಂದು ಮತ್ತಿ. ಹೀಗೆ ಮರ ಚಿತ್ರಕ್ಕೆ ಕೆಲಸ ಮಾಡುತ್ತದೆ, ಸುಮ್ನೆ ತುಂಬಿದ ಜಾಗ ಆಗುವುದಿಲ್ಲ.

ಲೇಯರ್ ವಿಷಯ ಜಾಸ್ತಿ ಹೇಳುವುದಿಲ್ಲ. ನಿಮ್ಮ ಫೈಲ್‌ನಲ್ಲಿ 64 ಲೇಯರ್ ಇವೆ, ನನಗೆ ಆರೇಳು ಸಾಕಾಗುತ್ತದೆ. ನೆರಳಿಗೆ, ಕೆಳಗಿನ ಬಣ್ಣವನ್ನು ಗಾಢ ಮಾಡುವ ಮಲ್ಟಿಪ್ಲೈ ಲೇಯರ್‌ನಲ್ಲಿ ಕಪ್ಪು ಬಳಿಯಬೇಡಿ, ಬಣ್ಣ ಸತ್ತುಹೋಗುತ್ತದೆ. ಮಂಕು ನೀಲಿ ಅಥವಾ ಕೆಂಪು ಕಂದು ಬಳಸಿ. ಕ್ರಿಟಾದಲ್ಲಿ ಇನ್‌ಹೆರಿಟ್ ಆಲ್ಫಾ (ಬಣ್ಣ ಕೆಳಗಿನ ಆಕಾರದ ಆಚೆ ಹೋಗದಂತೆ ತಡೆಯುವ ಗುಂಡಿ) ಒತ್ತಿದಾಗ ಬಣ್ಣ ಕೋಣ ಬಿಟ್ಟು ಇಡೀ ಚಿತ್ರಕ್ಕೆ ಹರಡಿತು ಅಂತ ಬೇಜಾರಾಗಿರಬೇಕು, ಎಲ್ಲರಿಗೂ ಆಗುತ್ತದೆ. ಅದು ಕೆಳಗಿನ ಎಲ್ಲ ಲೇಯರ್‌ಗಳನ್ನೂ ಲೆಕ್ಕಕ್ಕೆ ತೆಗೆದುಕೊಳ್ಳುತ್ತದೆ. ಕೋಣವನ್ನೂ ಅದರ ನೆರಳಿನ ಲೇಯರನ್ನೂ ಒಂದು ಗ್ರೂಪ್‌ಗೆ ಹಾಕಿದರೆ ಸರಿಹೋಗುತ್ತದೆ.

ಬಿಸಿಲು ಬೇಕೇ ಬೇಕು ಅನ್ನುವ ಹಟ ನಿಮಗಿದ್ದರೆ ಕಾಡನ್ನೂ ಏಪ್ರಿಲ್ ಮಾಡಿ. ಅದೂ ಚೆಂದವೇ. ನೆಲದ ತುಂಬ ತರಗೆಲೆ, ಮಂಜಿಲ್ಲ, ಕೊಂಬೆಗಳ ನಡುವಿನಿಂದ ಬಿಸಿಲ ಚುಕ್ಕೆ. ಆದರೆ ಆ ಚುಕ್ಕೆಗಳನ್ನು ಎಲೆಯ ಆಕಾರದಲ್ಲಿ ಬಿಡಿಸಬೇಡಿ. ಎಲೆಗಳ ಸಣ್ಣ ಸಂದು ಯಾವ ಆಕಾರದಲ್ಲೇ ಇರಲಿ, ನೆಲಕ್ಕೆ ಬೀಳುವ ಚುಕ್ಕೆ ಗುಂಡಗೇ ಇರುತ್ತದೆ. ಸೂರ್ಯ ಓರೆಯಾಗಿದ್ದರೆ ಮೊಟ್ಟೆಯ ಹಾಗೆ ಉದ್ದವಾಗುತ್ತದೆ. ಏಕೆಂದರೆ ಅದು ಸಂದಿನ ಚಿತ್ರವಲ್ಲ, ಸೂರ್ಯನ ಚಿತ್ರ. 2019ರ ಡಿಸೆಂಬರ್ 26ರ ಸೂರ್ಯಗ್ರಹಣದ ದಿನ ಮರದ ಕೆಳಗೆ ನೋಡಿದವರಿಗೆ ಗೊತ್ತು, ಚುಕ್ಕೆಗಳೆಲ್ಲ ಕುಡುಗೋಲಿನ ಹಾಗೆ ಬಾಗಿದ್ದವು. ಚುಕ್ಕೆಯ ಅಳತೆಗೂ ಲೆಕ್ಕ ಇದೆ. ಸಂದಿನಿಂದ ನೆಲಕ್ಕೆ ಇರುವ ದೂರವನ್ನು ಸುಮಾರು 108ರಿಂದ ಭಾಗಿಸಿ. 20 ಮೀಟರ್ ಎತ್ತರದ ಸಂದಾದರೆ ಚುಕ್ಕೆ 18 ಸೆಂ.ಮೀ. ಆಸುಪಾಸು, ಹೆಚ್ಚುಕಡಿಮೆ ಒಂದು ಊಟದ ತಟ್ಟೆಗಿಂತ ಚಿಕ್ಕದು. ಅಂಚು ಮೆತ್ತಗಿರುತ್ತದೆ. ಕೋಣದ ಮೈ ಮೇಲೆ ಇಂಥ ಚುಕ್ಕೆ ಪಕ್ಕೆಯ ಉಬ್ಬಿಗೆ ತಕ್ಕಂತೆ ಬಾಗಬೇಕು. ಮಜಾ ಏನೆಂದರೆ, ಬಿಸಿಲು ಬಿದ್ದ ಕಪ್ಪು ಬೆನ್ನು ನೆರಳಿನಲ್ಲಿರುವ ಬಿಳಿ ಕಾಲಿಗಿಂತ ಹೊಳೆಯಬಹುದು. ಕೈ ಒಪ್ಪುವುದಿಲ್ಲ, ಕಣ್ಣು ಒಪ್ಪುತ್ತದೆ.

ನೋಡಿ ಬಿಡಿಸಲು ಜೀವಂತ ಕೋಣ ಬೇಕಾದರೆ ಬೋಂಡ್ಲಾಕ್ಕೆ ಹೋಗಿ. ಗೋವಾದ ಚಿಕ್ಕ ಅಭಯಾರಣ್ಯಗಳಲ್ಲಿ ಅದೂ ಒಂದು, ಬರೀ 8 ಚದರ ಕಿ.ಮೀ. ಅಲ್ಲಿನ ಪ್ರಾಣಿಸಂಗ್ರಹಾಲಯದಲ್ಲಿ ಕಾಡುಕೋಣ ಇದೆ. ವಾರದ ರಜೆ ಯಾವಾಗ ಅಂತ ಮೊದಲೇ ಕೇಳಿಕೊಂಡು ಹೋಗಿ, ಕ್ಯಾಮೆರಾ ಚೀಲದಲ್ಲೇ ಇರಲಿ, ಒಂದು ಪುಸ್ತಕ ಪೆನ್ಸಿಲ್ ಸಾಕು. ಒಂದು ಕಾಲಿಗೆ ಭಾರ ಬಿಟ್ಟು ನಿಂತಾಗ ಹೆಗಲು ಹೇಗೆ ಏರುತ್ತದೆ, ಕಿವಿ ಎತ್ತ ತಿರುಗುತ್ತದೆ, ಅದನ್ನೆಲ್ಲ ಬರೆದುಕೊಳ್ಳಿ. ಮೋಲೆಂ ರಸ್ತೆಯಲ್ಲಿ ಮತ್ತೆ ಕೋಣ ಸಿಕ್ಕರೆ ಫೋಟೊಕ್ಕಾಗಿ ಗಾಡಿ ಇಳಿಯಬೇಡಿ. ಸುಮ್ಮನೆ ನಿಂತ ಕೋಣ ಸಾಧು ಅಂತ ಅಂದುಕೊಳ್ಳುವುದು ನಮ್ಮ ತಪ್ಪು.

ಕೊನೆಗೆ ಪ್ರಿಂಟ್. ನಿಮ್ಮ ಕ್ಯಾನ್ವಾಸ್ 1920 × 1080 ಪಿಕ್ಸೆಲ್. ಎ3ಯ ಉದ್ದಕ್ಕೆ ಅದನ್ನು ಹಿಗ್ಗಿಸಿದರೆ ಇಂಚಿಗೆ 116 ಪಿಕ್ಸೆಲ್ ಮಾತ್ರ ಬರುತ್ತದೆ, ಎ3ಯ ಅಗಲವೂ ತುಂಬುವುದಿಲ್ಲ. ಇಂಚಿಗೆ 300 ಬೇಕಾದರೆ 4961 × 3508 ಬೇಕು. ಹೇಗೂ ಹೊಸದಾಗಿ ಬಿಡಿಸಬೇಕು, ಆ ಅಳತೆಯಲ್ಲೇ ಶುರು ಮಾಡಿ. ಮೊದಲು ಅಂಗೈ ಅಗಲದ ಚೌಕದಲ್ಲಿ ಬರೀ ಮೂರು ಬೂದು ಬಣ್ಣದಲ್ಲಿ ಇಡೀ ದೃಶ್ಯ ಹಾಕಿಕೊಳ್ಳಿ, ಕೋಣ ಕಾಡು ಎರಡನ್ನೂ ಒಟ್ಟಿಗೆ, ಒಂದೇ ಲೇಯರ್‌ನಲ್ಲಿ. ಐದು ನಿಮಿಷದ ಕೆಲಸ. ಅದರಲ್ಲಿ ಸರಿ ಕಾಣದ್ದು ಮೂರು ವಾರ ಕೂತರೂ ಸರಿ ಕಾಣುವುದಿಲ್ಲ.

ಕಪ್ಪು ಚಿತ್ರದ ಪ್ರಿಂಟ್‌ನಲ್ಲಿ ನಾನೊಮ್ಮೆ ಚೆನ್ನಾಗಿ ಪೆಟ್ಟು ತಿಂದಿದ್ದೇನೆ. ಕ್ಯಾಲೆಂಡರ್‌ಗೆ ಅಂತ ಒಂದು ಕಾಡುಕೋಣ ಬಿಡಿಸಿದ್ದೆ. ರಾತ್ರಿ ಹೊತ್ತು, ದೀಪ ಆರಿಸಿ, ಸ್ಕ್ರೀನ್ ಬೆಳಕು ಪೂರ್ತಿ ಏರಿಸಿ ಕೆಲಸ ಮಾಡುತ್ತಿದ್ದೆ. ಸ್ಕ್ರೀನಿನಲ್ಲಿ ನೆರಳಿನ ಒಳಗಿನ ನೆರಳೂ ಕಾಣುತ್ತಿತ್ತು. ಮ್ಯಾಟ್ ಕಾಗದದ ಮೇಲೆ ಅಚ್ಚಾಗಿ ಬಂದಾಗ ಎರಡು ಕೊಂಬು, ನಾಲ್ಕು ಕಾಲು, ನಡುವೆ ಒಂದು ಕಪ್ಪು ತೂತು. ಪ್ರೆಸ್‌ನವರ ಮೇಲೆ ರೇಗಾಡಿದೆ. ಆಮೇಲೆ ಗೊತ್ತಾಯಿತು, ತಪ್ಪು ನನ್ನದೇ. ಕಾಗದಕ್ಕೆ ಒಳಗಿನಿಂದ ಬೆಳಕಿಲ್ಲ. ಈಗ ಹಗಲಿನಲ್ಲಿ, ಸ್ಕ್ರೀನ್ ಬೆಳಕು ಅರ್ಧಕ್ಕೆ ಇಳಿಸಿ ನೋಡುತ್ತೇನೆ. ಪ್ರಿಂಟ್‌ಗೆ ಕೊಡುವ ಪ್ರತಿಯಲ್ಲಿ ಗಾಢ ಭಾಗಗಳನ್ನು ಬೇಕೆಂದೇ ಸ್ವಲ್ಪ ಎತ್ತುತ್ತೇನೆ. ಅದೇ ಕಾಗದದ ಮೇಲೆ ಎ5 ಅಳತೆಯ ಒಂದು ತುಂಡು ಮೊದಲು ಹಾಕಿಸುತ್ತೇನೆ. ಕೋಣದ ಕತ್ತಿನಿಂದ ಹೊಟ್ಟೆಯವರೆಗಿನ ಭಾಗ ಅಷ್ಟೇ, ತಪ್ಪು ಆಗುವುದು ಅಲ್ಲೇ.

ಫ್ರೇಮ್ ಹಾಕಿಸುವಾಗ ಹೊಳೆಯುವ ಗಾಜು ಬೇಡ. ಸಂಘದ ಹಾಲ್‌ನಲ್ಲಿ ಟ್ಯೂಬ್‌ಲೈಟ್ ಎದುರಿನ ಗೋಡೆಗಂತೂ ತೂಗುಹಾಕಲೇಬೇಡಿ. ಇಷ್ಟು ಗಾಢ ಚಿತ್ರದ ಮೇಲೆ ಗಾಜು ಕೂತರೆ ಬಂದವರಿಗೆಲ್ಲ ಕಾಡುಕೋಣದ ಬದಲು ಅವರವರ ಮುಖವೇ ಕಾಣುತ್ತದೆ, ಆಮೇಲೆ ಬೈಸಿಕೊಳ್ಳುವವರು ನೀವು.